ಅಕ್ಕ ‘ಬರ್ತೀನಿ’ ಅಂದ ವಿಡಿಯೊ

ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ದೆಹಲಿ ಪಕ್ಕದ ಇಂದಿರಾಪುರಂನ ಫ್ಲ್ಯಾಟಿನಲ್ಲಿ ಇದ್ದವರು ಮೂವರು: ನಾನು, ನನ್ನ ಹೆಂಡತಿ, ಕಾಲೇಜು ಓದುವ ಮೊಮ್ಮಗಳು. ಮಗ ಸೊಸೆ ಮದುವೆಯೊಂದಕ್ಕೆ ಜೈಪುರಕ್ಕೆ ಹೋಗಿದ್ದರು. ಅಡುಗೆ ನನ್ನದು. ಹುಳಿ ಆಗಿತ್ತು, ಅನ್ನ ಬಾಕಿ.

ಹೆಂಡತಿಗೆ ಮರೆವಿನ ಕಾಯಿಲೆ. ನಿನ್ನೆಯದು ಉಳಿಯುವುದಿಲ್ಲ. ನಾನು ರೈಲ್ವೆಯಲ್ಲಿದ್ದಾಗಿನ, ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸ್ ಮಾತ್ರ ಉಳಿದಿದೆ. ಅಲ್ಲಿದ್ದಾಗ ನಾನು ತೆಗೆದ ವಿಡಿಯೊಗಳು ಮುಂದಿನ ಕೋಣೆಯ ಕಂಪ್ಯೂಟರಿನಲ್ಲಿವೆ. ಅಲ್ಲಿ ಕೂತು ನೋಡುವಷ್ಟು ಶಕ್ತಿ ಅವಳ ಬೆನ್ನಿಗಿಲ್ಲ. ಹಾಸಿಗೆಯಲ್ಲೇ ನೋಡಲಿ ಎಂದು ಹಿಂದಿನ ವಾರ ಮೊಮ್ಮಗಳು ತನ್ನ ಹಳೆಯ ಟ್ಯಾಬ್ಲೆಟ್ ಕೊಟ್ಟಿದ್ದಳು.

“ಕಾಪಿ ಮಾಡ್ಬೇಡಿ ತಾತ, ಇದರಲ್ಲಿ ಜಾಗಾನೇ ಇಲ್ಲ. ವಿಡಿಯೊ ಕಂಪ್ಯೂಟರ್‌ನಲ್ಲೇ ಇರತ್ತೆ, ವೈಫೈಯಿಂದ ಅಜ್ಜಿ ಹತ್ರ ಹೋಗತ್ತೆ. ಬಸ್, ಅಷ್ಟೇ, ನೀವು ಕಂಪ್ಯೂಟರ್ ಬಂದ್ ಮಾಡ್ಬಾರದು.”

“ದಿನವಿಡೀ ಹಾಗೇ ಉರೀತಿರಬೇಕಾ?”

“ಅದಕ್ಕೂ ಡ್ಯೂಟಿ ಹಾಕಿ, ಆಫೀಸರ್ ಸಾಹೇಬ್ರೇ.”

ಹಾಕಿದೆ. ಹೆಂಡತಿ ನೋಡುವುದು ಒಂದೇ ವಿಡಿಯೊ, ಅವಳ ಅಕ್ಕ ಕೊನೆಯ ಸಲ ದೆಹಲಿಗೆ ಬಂದದ್ದು. ಅಕ್ಕ ಈಗಿಲ್ಲ. ವಿಡಿಯೊದಲ್ಲಿ ಕ್ವಾರ್ಟರ್ಸ್ ಮುಂದಿನ ಬಿಸಿಲಿಗೆ ಬೆನ್ನು ಕೊಟ್ಟು ಬಟಾಣಿ ಸುಲಿಯುತ್ತಾ, “ನಿನ್ನ ಗಂಡನಿಗೆ ಆ ಕ್ಯಾಮೆರಾ ಡಬ್ಬಿ ಕೆಳಗಿಡೋಕೆ ಹೇಳೇ, ನನ್ನ ಮುಖದಲ್ಲಿ ಏನು ಪೆರೇಡ್ ನಡೀತಿದೆಯಾ?” ಎಂದು ರೇಗುತ್ತಾಳೆ. ಹೆಂಡತಿ ಪ್ರತಿ ಸಲವೂ ನಗುತ್ತಾಳೆ. ಕೊನೆಯಲ್ಲಿ ಅಕ್ಕ ಬಾಗಿಲಲ್ಲಿ ಚೀಲ ಹಿಡಿದು ತಿರುಗಿ ನಿಂತು, “ಬರ್ತೀನಿ ಕಣೇ” ಎನ್ನುತ್ತಾಳೆ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ.

ತೊಂದರೆ ಶುರುವಾಗುವುದೂ ಅಲ್ಲಿಂದಲೇ. ನಮ್ಮವರು ಹೊರಡುವಾಗ ‘ಹೋಗ್ತೀನಿ’ ಅನ್ನುವುದಿಲ್ಲ. ಅಕ್ಕ ಹೇಳಿದ್ದು ಬೀಳ್ಕೊಳ್ಳುವ ಮಾತು. ಹೆಂಡತಿಗೆ ಅದು ಬರುವ ಸುದ್ದಿ. “ರೀ, ಅಕ್ಕ ಬರ್ತಾಳಂತೆ, ಅಕ್ಕಿ ಜಾಸ್ತಿ ಹಾಕಿ” ಎಂದು ಬಾಗಿಲ ಕಡೆ ಮುಖ ಮಾಡಿ ಕೂರುತ್ತಾಳೆ. ಅಕ್ಕ ಬರುವ ತನಕ ಊಟ ಮುಟ್ಟುವುದಿಲ್ಲ. ಅವಳ ಸಕ್ಕರೆ ಕಾಯಿಲೆಯ ಮಾತ್ರೆ ಊಟದ ಜೊತೆಗೇ ಆಗಬೇಕು. ಆ ವಾರ ಎರಡು ಸಲ ಸಕ್ಕರೆ ಇಳಿದು, ಕೈಕಾಲು ನಡುಗಿ, ಬೆವೆತು ಒರಗಿದ್ದಳು.

“ಅಜ್ಜಿದು ಏನು ತಪ್ಪು ತಾತ? ಅವ್ರು ಬರ್ತೀನಿ ಅಂದ್ರಲ್ಲ” ಎಂದಳು ಮೊಮ್ಮಗಳು. ದೆಹಲಿಯಲ್ಲಿ ಕಲಿತ ಅವಳ ಕನ್ನಡದಲ್ಲಿ ಬರುವುದೆಂದರೆ ಬರುವುದೇ.

ಆ ಭಾನುವಾರ ಕುಕ್ಕರ್ ಇಟ್ಟವನೇ ಕಂಪ್ಯೂಟರಿನ ಮುಂದೆ ಕೂತೆ. ಮೂಲ ವಿಡಿಯೊ ಬೇರೆ ಕಡೆ ತೆಗೆದಿಟ್ಟು, ಬಾಗಿಲಿನ ಭಾಗವನ್ನು ಕತ್ತರಿಸಿದ ಪ್ರತಿಯನ್ನು ಅದರ ಜಾಗಕ್ಕೆ ಹಾಕಲು ಮೊಮ್ಮಗಳು ತೋರಿಸಿಕೊಟ್ಟಳು. ಹಾಸಿಗೆಯ ಮೇಲಿನ ಟ್ಯಾಬ್ಲೆಟ್ ಮುಟ್ಟಲೇ ಬೇಕಾಗಿರಲಿಲ್ಲ. ಇಲ್ಲಿ ಕತ್ತರಿಸಿದರೆ ಅಲ್ಲೂ ಕತ್ತರಿಸಿದಂತೆ. ಈಗ ಅಕ್ಕ ಬಟಾಣಿ ಸುಲಿಯುತ್ತಿರುವಾಗಲೇ ಪರದೆ ಕಪ್ಪಾಗುತ್ತಿತ್ತು.

ಹನ್ನೆರಡಕ್ಕೆ ಹೆಂಡತಿ ನೋಡಿದಳು. ನಕ್ಕಳು. ಪರದೆ ಕಪ್ಪಾಯಿತು. ಬಾಗಿಲ ಕಡೆ ತಿರುಗಲಿಲ್ಲ. ನಾನು ತಟ್ಟೆ ಹಿಡಿದು ಹೋದೆ.

“ಅಕ್ಕ ಎಲ್ಲಿ?”

“ಹೋದರು.”

“ಹೇಳದೇ ಹೋದಳಾ?”

ನಾನು ಅನ್ನ ಕಲಸತೊಡಗಿದೆ.

“ನಾನೇನಾದ್ರೂ ಅಂದ್ನೇನ್ರೀ ಅವಳಿಗೆ? ಒಂದು ಮಾತು ಹೇಳದೇ ಯಾವತ್ತೂ ಹೊರಟವಳಲ್ಲ.”

ತಟ್ಟೆ ದೂರ ತಳ್ಳಿದಳು. ಮಧ್ಯಾಹ್ನವೆಲ್ಲ ತಾನು ಅಕ್ಕನಿಗೆ ಏನಂದಿರಬಹುದು ಎಂದು ಒಂದೊಂದೇ ನೆನೆದುಕೊಂಡು ಅತ್ತಳು. ಚಿಕ್ಕಂದಿನ ಯಾವುದೋ ಲಂಗದ ಜಗಳ, ಬಾಣಂತನಕ್ಕೆ ಕರೆಯದಿದ್ದದ್ದು, ನಾನು ಎಂದೂ ಕೇಳಿರದ ಸಂಗತಿಗಳು. ಮೊಮ್ಮಗಳು ಜೇನುತುಪ್ಪ ಕಲಸಿದ ನೀರನ್ನು ಚಮಚದಲ್ಲಿ ಕುಡಿಸಿದಳು. ಕಾಯುತ್ತಿದ್ದಾಗ ಹೆಂಡತಿ ಹಸಿದಿರುತ್ತಿದ್ದಳು, ಅಷ್ಟೇ. ಈಗ ಹಸಿವಿನ ಜೊತೆಗೆ ಅಪರಾಧವೂ ಸೇರಿತ್ತು, ಮಾಡದೇ ಇದ್ದ ಅಪರಾಧ.

“ವಾಪಸ್ ಹಾಕಿ ತಾತ” ಎಂದಳು ಮೊಮ್ಮಗಳು.

“ಹಾಕಿದರೆ ಮತ್ತೆ ಉಣ್ಣದೇ ಕಾಯ್ತಾಳೆ.”

“ಕಾಯ್ಲಿ. ರೋತಿ ತೋ ನಹೀಂ, ಅಳೋದಂತೂ ಇಲ್ಲ.”

ಸಂಜೆ ಆರಕ್ಕೆ ಮೂಲ ವಿಡಿಯೊ ಅದರ ಜಾಗಕ್ಕೆ ಹೋಯಿತು. ಕತ್ತರಿಸಿದ್ದನ್ನು ಅಳಿಸಿದೆ. ಟ್ಯಾಬ್ಲೆಟ್ಟಿನಲ್ಲಿ ಅಕ್ಕ ಬಾಗಿಲಿಗೆ ಬಂದು, ತಿರುಗಿ, “ಬರ್ತೀನಿ ಕಣೇ” ಎಂದಳು. “ಹೂಂ, ಬಾ” ಎಂದಳು ಹೆಂಡತಿ. ಕಣ್ಣೊರೆಸಿಕೊಂಡು ಬಾಗಿಲ ಕಡೆ ತಿರುಗಿದಳು.

ಕಿಟಕಿಯಾಚೆ ಎದುರಿನ ಟವರ್ ಮಂಜಿನಲ್ಲಿ ಕಾಣುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಹೇಳಿದೆ: “ಮಂಜು ಬಹಳ ಇದೆ. ಕರ್ನಾಟಕದ ರೈಲು ಝಾನ್ಸಿಯಿಂದ ಈಚೆಗೇ ಬಂದಿಲ್ಲವಂತೆ.”

“ಎಷ್ಟು ಲೇಟು?”

“ಬೆಳಗಾಗಬಹುದು. ನಾವು ಉಂಡುಬಿಡೋಣ. ಅವರ ಪಾಲು ಮುಚ್ಚಿಡ್ತೀನಿ.”

ಅವಳು ಯೋಚಿಸಿದಳು. “ಹುಳಿ ಗಟ್ಟಿ ಇರೋದು ಅವಳಿಗೆ ತೆಗೆದಿಡಿ. ತಿಳಿ ನನಗೆ ಸಾಕು.”

ಉಂಡಳು. ಮಾತ್ರೆ ನುಂಗಿದಳು. ಸರ್ವಿಸಿನಲ್ಲಿದ್ದಷ್ಟು ಕಾಲ ನಾನು ಯಾವ ರೈಲನ್ನೂ ಸುಳ್ಳು ಹೇಳಿ ತಡಮಾಡಿಸಿದವನಲ್ಲ. ಈ ಮಂಜು ಫೆಬ್ರವರಿಯಲ್ಲಿ ಕರಗುತ್ತದೆ. ಆಮೇಲೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಎಂಟಕ್ಕೆ ಅವಳಿಗೆ ನಿದ್ದೆ ಹತ್ತಿತು. ತಟ್ಟೆಯಲ್ಲಿ ಮುಚ್ಚಿಟ್ಟಿದ್ದ ಅನ್ನ, ಗಟ್ಟಿ ಹುಳಿ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಅಕ್ಕನ ತಟ್ಟೆ ತೊಳೆದು, ಒರೆಸಿ, ಸ್ಟ್ಯಾಂಡಿನಲ್ಲಿ ನಿಲ್ಲಿಸಿದೆ.