ಖಾಲಾ ಹೇಳಿದ ಪರಸೋಂ

ಆ ದಿನ ಫ್ಯಾನು ಬಂದ್ ಆಗಿತ್ತು ಎಂದು ನನ್ನ ನೆನಪು. ಮಾರ್ಚ್ ತಿಂಗಳು, ಮಿಯಾಪುರದ ಎಂಟನೇ ಮಹಡಿ. ಫ್ಯಾನಿಲ್ಲದೆ ಕೂರುವುದು ಸಾಧ್ಯವಿತ್ತೇ? ಆಮೇಲೆ ನಡೆದದ್ದಕ್ಕೆ ಹೊಂದಲೆಂದು ನೆನಪಿನಲ್ಲಿ ನಾನೇ ಅದನ್ನು ನಿಲ್ಲಿಸಿರಬಹುದು. ನೆನಪು ಹೇಗೆ ಸುಳ್ಳು ಹೇಳುತ್ತದೆಂದು ವಿಶ್ವವಿದ್ಯಾಲಯದಲ್ಲಿ ಓದಿ ಪಾಸಾದವನು ನಾನು.

ಹುಡುಗಿ ಹತ್ತನೇ ತರಗತಿ. ಎರಡೂ ಮೂತ್ರಪಿಂಡ ಕೆಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್. ಶಾಲೆಗೆ ಹೋಗಲಾಗದ ಅವಳಿಗೆ ನಾನು ಮನೆಗೆ ಹೋಗಿ ಪಾಠ ಹೇಳುತ್ತಿದ್ದೆ. ಆಸ್ಪತ್ರೆಯ ನರ್ಸ್ ನನ್ನನ್ನು ಮೊದಲೇ ಎಚ್ಚರಿಸಿದ್ದರು: ಡಯಾಲಿಸಿಸ್ಸಿಗೆಂದು ಕುತ್ತಿಗೆಗೆ ಹಾಕಿದ ಕೊಳವೆಗೆ ಸೋಂಕು ತಗಲಿದರೆ ನಡುಕ ಬರುತ್ತದೆ, ನಡುಗಿದಳೆಂದು ತಿಳಿದ ಗಳಿಗೆಯೇ ಫೋನ್ ಮಾಡಿ.

ತಾಯಿ ರಾಯಚೂರಿನ ಕಡೆಯವರು, ನಾಚಾರಂನ ಕಾರ್ಖಾನೆಯೊಂದರಲ್ಲಿ ಕೆಲಸ. ಹಗಲು ಹುಡುಗಿಯ ಜೊತೆಗಿರಲು ಪಕ್ಕದ ಮನೆಯ ಮುದುಕಿ ಬರುತ್ತಿದ್ದಳು. ಎಲ್ಲರಿಗೂ ಆಕೆ ಖಾಲಾ, ಅಂದರೆ ಚಿಕ್ಕಮ್ಮ. ಪರಸೋಂ ಎಂದರೆ ಮೊನ್ನೆ; ಆದರೆ ಈ ಊರಿನ ಉರ್ದುವಿನಲ್ಲಿ ಕಳೆದುಹೋದ ಯಾವ ದಿನವಾದರೂ ಪರಸೋಂ. ಖಾಲಾಳ ಮದುವೆಯೂ ಪರಸೋಂ ಆದದ್ದೇ.

ಆ ಶನಿವಾರ ಆಕೆ ಚಹಾ ಇಡುತ್ತಾ ಅಂದಳು: "ಪರಸೋಂ ಬಚ್ಚಿ ಭೋತ್ ಕಾಂಪ್ ರಹೀ ಥೀ, ಸಾಬ್." ಹುಡುಗಿ ಬಹಳ ನಡುಗುತ್ತಿದ್ದಳಂತೆ.

ಹುಡುಗಿ ಪುಸ್ತಕದಿಂದ ತಲೆ ಎತ್ತಲಿಲ್ಲ. "ಖಾಲಾನ ಪರಸೋಂ ಅದು, ಸರ. ಹೋದ ವರ್ಷದ್ದು."

"ಆಕಿ ಮದುವಿಗಿಂತ ಈಚೀದೋ?"

"ಮದುವಿ ನಿನ್ನೆರಿ."

ಇಬ್ಬರೂ ನಕ್ಕೆವು. ಕನ್ನಡ ಬಾರದ ಖಾಲಾ ನಮ್ಮ ಮುಖ ನೋಡುತ್ತಾ ನಿಂತಿದ್ದಳು.

ಸೋಮವಾರ ಪರೀಕ್ಷೆಯಿತ್ತು. ಹಿಂದಿನ ವರ್ಷ ಪರೀಕ್ಷೆಯ ಹೊತ್ತಿಗೆ ಅವಳು ಆಸ್ಪತ್ರೆಯಲ್ಲಿದ್ದಳು. ಈ ಸಲವೂ ತಪ್ಪಿದರೆ ಓದು ಬಿಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅದು ನನಗೆ ಗೊತ್ತಿತ್ತು. ಆ ಶನಿವಾರ ಅವಳು ಸ್ವೆಟರ್ ಹಾಕಿದ್ದಳೇ? ಹಾಕಿದ್ದಳು. ಬಣ್ಣ ಮಾತ್ರ ದಿನಕ್ಕೊಂದು ನೆನಪಾಗುತ್ತದೆ.

ಸೋಮವಾರ ಅರ್ಧ ಪರೀಕ್ಷೆಯಲ್ಲೇ ಅವಳನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಸೋಂಕು ರಕ್ತಕ್ಕೆ ಸೇರಿತ್ತು. ಐಸಿಯುವಿನ ಹೊರಗೆ ತಾಯಿ ಕಾರ್ಖಾನೆಯ ಬಟ್ಟೆಯಲ್ಲೇ ಕುಳಿತಿದ್ದರು.

"ಸರ, ಹುಡುಗಿ ನಡುಗಾಕತ್ತಿದ್ಲು ಅಂತ ಖಾಲಾ ನಿಮಗ ಹೇಳಿದ್ಲಂತ. ಹೌದೇನ್ರಿ?"

"ನನಗ ನೆನಪಿಲ್ರಿ."

"ಹಂಗಾರ ಹೇಳಿರಂಗಿಲ್ಲ ಬಿಡ್ರಿ. ನೀವು ಓದಿದವ್ರು. ಮುದುಕಿಗೆ ಮರವು ಭಾಳ."

ಹುಡುಗಿ ಉಳಿದಳು. ಅವಳು ಮನೆಗೆ ಬರುವಷ್ಟರಲ್ಲಿ ಖಾಲಾಳಿಗೆ ಇನ್ನು ಬರಬೇಡವೆಂದು ಹೇಳಿಯಾಗಿತ್ತು. ತಪ್ಪು ಮುದುಕಿಯದೆಂದು ಆದದ್ದರಿಂದ ಓದಿನ ಮೇಲೆ ಯಾರೂ ಸಿಟ್ಟಾಗಲಿಲ್ಲ. ಮುಂದಿನ ವರ್ಷ ಬರೆಯಲಿ ಎಂದರು.

ಮತ್ತೆ ಪಾಠಕ್ಕೆ ಕೂತ ಮೊದಲ ದಿನ, ಎಲ್ಲಿಗೆ ಬಿಟ್ಟಿದ್ದೆವೆಂದು ಕೇಳಿದೆ. ಅವಳು ಈ ಸಲ ತಲೆ ಎತ್ತಿ ನನ್ನನ್ನು ನೋಡಿದಳು.

"ನನಗೂ ನೆನಪಿಲ್ರಿ, ಸರ."