ಹುಳದ ಮನೆಯಲ್ಲಿ ಬೆಲ್ಲಿ ಡ್ಯಾನ್ಸ್

ನಮ್ಮ ಊರು ಕೋಲಾರದಿಂದ ಅರ್ಧ ಗಂಟೆಯ ಬಸ್ಸಿನ ದಾರಿ. ಈಚೆಗೆ ಹೊಲಗಳ ನಡುವೆ ಲೇಔಟು ಎದ್ದು, ಅಲ್ಲಿನ ಸಿಮೆಂಟ್ ಅಂಗಡಿಯ ಮಹಡಿಯಲ್ಲಿ ಮಾಲೂರಿನ ಕಡೆಯ ಹೆಂಗಸೊಬ್ಬರು ಬೆಲ್ಲಿ ಡ್ಯಾನ್ಸ್ ಕಲಿಸತೊಡಗಿದರು. ಬೋರ್ಡಿನಲ್ಲಿ ‘ಹೆಂಗಸರ ಫಿಟ್‌ನೆಸ್’ ಎಂದಷ್ಟೇ ಇತ್ತು. ಕಾಲೇಜಿನಲ್ಲಿ ಪಾಠ ಹೇಳಿ ಬರುವಾಗ ನಾನು ಅಲ್ಲಿ ಇಳಿಯುತ್ತಿದ್ದೆ. ಮನೆಯಲ್ಲಿ ಅಮ್ಮನಿಗೆ ಮಾತ್ರ ಗೊತ್ತಿತ್ತು. ಅಜ್ಜಿಗೆ ಹೇಳಿರಲಿಲ್ಲ. ಮುಚ್ಚಿಡಬೇಕೆಂದೇನೂ ಅಲ್ಲ, ನನ್ನ ಮೈಯ ವಿಷಯ ಯಾರ ಹತ್ತಿರವೂ ಮಾತಾಡಿ ಅಭ್ಯಾಸವಿಲ್ಲ.

ಮೊದಮೊದಲು ನಾನು ಹೊಟ್ಟೆಯನ್ನು ಒಳಗೆ ಎಳೆದುಕೊಂಡೇ ನಿಲ್ಲುತ್ತಿದ್ದೆ.

“ಬಿಡಿ ಮೇಡಂ, ಉಸಿರು ಬಿಡಿ,” ಎನ್ನುತ್ತಿದ್ದರು ಟೀಚರ್.

ಹಾಲಿನ ಡೈರಿಯಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು ಪಕ್ಕದಲ್ಲಿ ನಗುತ್ತಿದ್ದರು. “ಆಧಾರ್ ಕಾರ್ಡಿನ ಫೋಟೋಗೆ ನಿಂತಂಗೆ ನಿಂತವ್ರೆ ನೋಡ್ರೀ! ನನ್ನ ನೋಡ್ಕಳಿ, ಎರಡು ಹೆತ್ತಿರೋ ಹೊಟ್ಟೆ, ಹೇಳ್ದಂಗೆ ಕೇಳ್ತದೆ.”

“ನಿಮ್ಮನೇಲಿ ಹೇಳ್ದಂಗೆ ಕೇಳೋದು ಅದೊಂದೇ ಬಿಡಕ್ಕಾ,” ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು.

ಈ ನೃತ್ಯದಲ್ಲಿ ಶಿಮ್ಮಿ ಎಂಬುದೊಂದಿದೆ. ಮಂಡಿಗಳನ್ನು ಒಂದಾದ ಮೇಲೊಂದರಂತೆ ಸಣ್ಣಗೆ, ವೇಗವಾಗಿ ಮಡಿಸಿ ಬಿಡಿಸಬೇಕು. ಸ್ವಲ್ಪ ಹೊತ್ತು ನಾವು ಮಾಡುತ್ತೇವೆ. ಆಮೇಲೆ ಸೊಂಟ, ಹೊಟ್ಟೆ, ತೋಳು ತಾವೇ ನಡುಗತೊಡಗುತ್ತವೆ. ನಾವು ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಟ್ಟಂತೆ. ಅದು ನನಗೆ ಮೊದಲ ಸಲ ಬಂದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಹೆದರಿಕೆಯಾಯಿತು. ಆಮೇಲಿನ ದಿನಗಳಲ್ಲಿ ಬಸ್ಸಿಗೆ ಕಾಯುವಾಗ, ತರಗತಿಯಲ್ಲಿ ಹಲಗೆಯ ಮುಂದೆ ನಿಂತಿರುವಾಗಲೂ ತೊಡೆಯೊಳಗೆ ಒಂದು ನಡುಕ ಉಳಿದಿರುತ್ತಿತ್ತು. ಆಗೆಲ್ಲ ನೆನಪಾಗುತ್ತಿದ್ದವಳು ನಾನು ಕಂಡೇ ಇರದ ನನ್ನ ಅತ್ತೆ.

ಅವಳು ಅಪ್ಪನ ತಂಗಿ. ನಾನು ಹುಟ್ಟುವ ಮೊದಲೇ ತೀರಿಕೊಂಡವಳು. ಅವಳ ಮುಖ ನನಗೆ ಬಂದಿದೆ ಎನ್ನುತ್ತಾರೆ. ಮದುವೆ ಗೊತ್ತಾದ ಮೇಲೆ ಒಂದು ಶುಕ್ರವಾರ, ಹಿತ್ತಲಿನ ಹುಳದ ಮನೆಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದವಳ ಮೈಮೇಲೆ ಅಮ್ಮನವರು ಬಂದರಂತೆ. ಕೂದಲು ಬಿಚ್ಚಿಕೊಂಡು ನಡುಗುತ್ತ, “ಈ ಮಗೂನ ಆ ಮನೆಗೆ ಕಳಿಸಬ್ಯಾಡಿ,” ಎಂದರಂತೆ. ಹುಡುಗಿಯ ನಾಟಕ ಎಂದರು ತಾತ. ಮುಳಬಾಗಿಲಿನ ಆಚೆಗೆ ಕೊಟ್ಟರು. ವರ್ಷ ತುಂಬುವ ಮೊದಲೇ ಜ್ವರ ಎಂದು ಸುದ್ದಿ ಬಂತು, ಅದರ ಹಿಂದೆಯೇ ಸಾವಿನ ಸುದ್ದಿ.

ಅಂದಿನಿಂದ ಅಜ್ಜಿಗೆ ಇರುವುದು ಒಂದೇ ಪ್ರಶ್ನೆ. ಅವತ್ತು ಮಾತಾಡಿದ್ದು ದೇವರೋ, ಮಗಳೋ? ದೇವರಾಗಿದ್ದರೆ ತಪ್ಪುಕಾಣಿಕೆ ಕಟ್ಟಬಹುದು. ಮಗಳಾಗಿದ್ದರೆ ಯಾರಿಗೆ ಕಟ್ಟುವುದು? ರಾಗಿ ಕೇರುವಾಗ, ಅವರೆಕಾಯಿ ಬಿಡಿಸುವಾಗ ತನ್ನಷ್ಟಕ್ಕೇ ಇದನ್ನು ಕೇಳಿಕೊಳ್ಳುತ್ತಾಳೆ.

ನಾವು ಹುಳ ಸಾಕುವುದನ್ನು ಬಿಟ್ಟು ಕಾಲವಾಯಿತು. ಹುಳ ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಿಕೆಗಳು ಮಾತ್ರ ಹುಳದ ಮನೆಯ ಗೋಡೆಗೆ ಒರಗಿ ನಿಂತಿವೆ. ಯಾರೂ ಬಾರದ ಜಾಗ ಎಂದು ನಾನು ಅಭ್ಯಾಸಕ್ಕೆ ಅಲ್ಲಿಗೆ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ತಲೆಗೆ ನೀರು ಹಾಕಿಕೊಂಡು, ಕೂದಲು ಆರಲೆಂದು ಬಿಟ್ಟು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿ ಶಿಮ್ಮಿ ಮಾಡುತ್ತಿದ್ದೆ. ಅಂದು ಶುಕ್ರವಾರವೆಂಬುದು ನನ್ನ ತಲೆಯಲ್ಲಿರಲಿಲ್ಲ. ಹಾಡು ಕೇಳುತ್ತಿದ್ದುದು ನನಗೊಬ್ಬಳಿಗೇ.

ಕರ್ಪೂರದ ವಾಸನೆ ಬಂದು ಕಣ್ಣು ಬಿಟ್ಟೆ. ಎದುರಿಗೆ ಅಜ್ಜಿ ಮಂಡಿಯೂರಿ ಕೈ ಮುಗಿದಿದ್ದಳು. ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು. ಅವಳ ತುಟಿ ಆಡುತ್ತಿರುವುದು ಕಂಡು ಇಯರ್‌ಫೋನ್ ಕಿತ್ತೆ.

“ಎವರು ತಲ್ಲೀ ನುವ್ವು?” ದೇವರ ಹತ್ತಿರ ಅಜ್ಜಿಯದು ತೆಲುಗು. ಯಾರು ತಾಯಿ ನೀನು ಎಂದು ಕೇಳುತ್ತಿದ್ದಳು, ನನ್ನನ್ನು.

“ಅಜ್ಜೀ, ನಾನು. ದೇವರಲ್ಲ. ಡ್ಯಾನ್ಸು.”

ಮುಗಿದ ಕೈ ಇಳಿಯಲಿಲ್ಲ. ಫೋನಿನಲ್ಲಿದ್ದ ಟೀಚರ ವಿಡಿಯೋ ತೋರಿಸಿದೆ. ಬಗ್ಗಿ ನೋಡಿದಳು.

“ಇವಳ ಮೈಮೇಲೂ ಯಾರೂ ಇಲ್ವಾ?”

“ಇಲ್ಲ.”

“ಇದನ್ನ ಕಲಿಸ್ತಾರಾ?”

“ಹೂಂ. ಸಿಮೆಂಟ್ ಅಂಗಡಿ ಮೇಲೆ.”

“ಥೂ ನಿನ್ನ! ಕರ್ಪೂರ ದಂಡ ಆಯ್ತಲ್ಲೇ.”

ನಾನು ನಕ್ಕೆ. ಅವಳು ನಗಲಿಲ್ಲ. ಕರ್ಪೂರ ಆರುವವರೆಗೂ ಅದನ್ನೇ ನೋಡಿ, ಆಮೇಲೆ ಕೇಳಿದಳು: “ಕಲೀದೇ ಇರೋರಿಗೂ ಬರ್ತದೇನೇ ಇದು? ಬೇಕೂಂತ ಮಾಡಿದ್ರೆ?”

ಏನು ಕೇಳುತ್ತಿದ್ದಾಳೆಂದು ನನಗೆ ತಿಳಿಯಿತು. ಬರಲ್ಲ ಎಂದರೆ ಅಂದು ಮಾತಾಡಿದ್ದು ದೇವರು. ಆ ಮಾತು ಬಾಯಿಯವರೆಗೂ ಬಂದಿತ್ತು. ಆದರೆ ಅದು ನಿಜವಲ್ಲ.

“ಶುರು ಮಾಡೋದು ನಾವೇ ಅಜ್ಜಿ. ಆಮೇಲೆ ಮಾಡ್ತಿರೋದು ಯಾರು ಅಂತ ನಂಗೂ ಗೊತ್ತಾಗಲ್ಲ.”

“ಶುರು ಮಾಡಿದ್ದು ಅವಳೇ ಅಂದ್ಮೇಲೆ ಮಾತೂ ಅವಳ್ದೇ.” ಅಜ್ಜಿ ತಟ್ಟೆಯನ್ನು ಬದಿಗೆ ಸರಿಸಿದಳು. ಅಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತಳು. “ಇನ್ನೊಂದು ಸಲ ಮಾಡು.”

ಬೇಡ ಎನ್ನಲಾಗಲಿಲ್ಲ. ಹಾಡು ಹಾಕಿಕೊಳ್ಳಲಿಲ್ಲ, ಕಣ್ಣನ್ನೂ ಮುಚ್ಚಲಿಲ್ಲ. ಮಂಡಿ ಶುರು ಮಾಡಿತು, ಸೊಂಟ ಜೊತೆಗೂಡಿತು, ನಡುಕ ತೋಳಿಗೆ ಹತ್ತಿತು. ಈ ಸಲ ಅಜ್ಜಿ ಕೈ ಮುಗಿದಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

“ಹೇಳೇ,” ಎಂದಳು ಮೆಲ್ಲಗೆ. “ಯಾಕೆ ಹೋಗಲ್ಲ ಅಂದೆ? ಏನು ಕಂಡಿದ್ದೆ ಆ ಮನೇಲಿ? ಈಗ ಹೇಳು, ಕೇಳ್ತೀನಿ.”

ನಿಲ್ಲಿಸಬೇಕೆಂದುಕೊಂಡೆ. ಕಾಲು ನಿಲ್ಲಲಿಲ್ಲ.