ಹುಳುಮನೆಯ ಹೊಸ್ತಿಲಲ್ಲಿ

“ಅಲ್ಲೇ ನಿಂತ್ಕೊಳಮ್ಮ! ಸೆಂಟ್ ಹೊಡ್ಕೊಂಡು ಬಂದಿದ್ದೀಯ, ಹುಳ ಸತ್ತೋಗ್ತವೆ!”

ಸೊಪ್ಪಿನ ಹೊರೆ ಹೊತ್ತು ಬಂದ ಹೆಂಗಸು ಹೀಗೆ ಕೂಗಿದಾಗ ನನ್ನ ಒಂದು ಕಾಲು ಆಗಲೇ ಅವರ ರೇಷ್ಮೆ ಹುಳುಮನೆಯ ಹೊಸ್ತಿಲ ಮೇಲಿತ್ತು. ನಾನೂ ನಮ್ಮ ಯಜಮಾನರೂ ಶಿಡ್ಲಘಟ್ಟದಾಚೆ ಮುಖ್ಯರಸ್ತೆ ಬಿಟ್ಟು, ಏನೂ ಕೆಲಸವಿಲ್ಲದೆ ಸಾದಲಿ ಕಡೆಗೆ ಕಾರು ತಿರುಗಿಸಿದ್ದೆವು. ದಾರಿಬದಿಯ ಆ ಮನೆಯಿಂದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂದಿದ್ದೇ ತಡ, ನಾನು ಹೇಳದೆ ಕೇಳದೆ ಇಳಿದು ನಡೆದುಬಿಟ್ಟಿದ್ದೆ.

ನಾಚಿಕೆಯಿಂದ ಹಿಂದೆ ಸರಿದೆ. ಕೆಂಚಾರ್ಲಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದ ನಮ್ಮಜ್ಜಿ ಮುಖಕ್ಕೆ ಪೌಡರ್ ಹಚ್ಚಿಕೊಂಡವರನ್ನೂ ಹುಳುವಿನ ಹತ್ತಿರ ಬಿಡುತ್ತಿರಲಿಲ್ಲ. ಅವರ ಮೊಮ್ಮಗಳಾಗಿ ನಾನು ಅದನ್ನೇ ಮರೆತಿದ್ದೆ.

“ತಪ್ಪಾಯ್ತಮ್ಮ. ಅವು ಸೊಪ್ಪು ತಿನ್ನೋ ಸದ್ದು ಕೇಳಿ ನಲವತ್ತು ವರ್ಷ ಆಯ್ತು, ಅದಕ್ಕೇ ಬಂದೆ” ಎಂದೆ.

ಆಕೆ ಹೊರೆಯೊಂದಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮುಗಿಯಿತು ಎಂದುಕೊಂಡು ಕಾರಿನತ್ತ ಹೊರಟೆ. ಆಗ ಒಳಗಿನಿಂದ ಅವರ ದನಿ ಕೇಳಿಸಿತು: “ಸೊಪ್ಪು ಹಾಕಿದ್ದೀನಿ, ಹಿಂದ್ಗಡೆ ಕಿಟಕಿ ಹತ್ರ ಹೋಗಮ್ಮ.”

ಮುಚ್ಚಿದ ಕಿಟಕಿಗೆ ಕಿವಿಯಿಟ್ಟೆ. ಹೆಂಚಿನ ಮೇಲೆ ಸೋನೆ ಬಿದ್ದ ಹಾಗೆ ಸಣ್ಣಗೆ, ಬಿಡುವಿಲ್ಲದ ಸರಸರ. ಅಜ್ಜಿಯ ಪಕ್ಕ ಮಲಗಿ ನಾನು ನಿದ್ದೆ ಹೋಗುತ್ತಿದ್ದುದು ಇದೇ ಸದ್ದಿನಲ್ಲಿ. ನಮ್ಮ ಯಜಮಾನರು ಹಾರ್ನ್ ಹೊಡೆಯದಿದ್ದರೆ ಸಾಕು ಎಂದು ಬೇಡಿಕೊಳ್ಳುತ್ತಾ ನಿಂತೇ ಇದ್ದೆ.

ಈಗಲೂ ಆ ಕಡೆ ಹೊರಟರೆ ಎಲ್ಲಿ ಇಳಿಯುತ್ತೇವೆಂದು ನಮಗೇ ಗೊತ್ತಿರುವುದಿಲ್ಲ. ಅದಕ್ಕೇ ಹಾಗೆ ಹೊರಡುವ ದಿನ ನಾನು ಸೆಂಟ್ ಬಾಟಲಿ ಮುಟ್ಟುವುದಿಲ್ಲ.